‘ಮಾನವ ಲೋಪ’ ಅಂದರೆ ಏನು? ಮಂಗಳೂರಿನ ರನ್‌ವೇಯಿಂದ ಲೈನ್‌ಮ್ಯಾನ್ ಹತ್ತುವ ಕಂಬದವರೆಗೆ

ಪೇಪರ್‌ನಲ್ಲಿ ಅಪಘಾತದ ಸುದ್ದಿ ಬಂದಾಗ ಕೊನೆಯ ಸಾಲು ನೋಡಿ. ‘ಮಾನವ ಲೋಪವೇ ಕಾರಣ ಎಂದು ಪ್ರಾಥಮಿಕ ತನಿಖೆಯಿಂದ ತಿಳಿದುಬಂದಿದೆ’ ಅಂತ ಇರುತ್ತದೆ. ಬಾಯ್ಲರ್ ಸಿಡಿದರೂ ಅದೇ ಸಾಲು. ಕ್ರೇನ್ ಉರುಳಿದರೂ ಅದೇ. ಕಂಬದ ಮೇಲಿದ್ದ ಲೈನ್‌ಮ್ಯಾನ್‌ಗೆ ಶಾಕ್ ಹೊಡೆದರೂ ಅದೇ. ‘ಛೆ, ಸ್ವಲ್ಪ ಹುಷಾರಾಗಿ ಇರಬಾರದಿತ್ತಾ’ ಅಂದುಕೊಂಡು ನಾವು ಪುಟ ತಿರುಗಿಸುತ್ತೇವೆ.

ಅಪಘಾತಗಳ ಬಗ್ಗೆ ಅಧ್ಯಯನ ಮಾಡುವವರು ಮಾತ್ರ ಅಲ್ಲಿಗೆ ನಿಲ್ಲುವುದಿಲ್ಲ. ಯಾರು ತಪ್ಪು ಮಾಡಿದರು ಅಂತ ಗೊತ್ತಾದ ಮೇಲೆ ಅವರ ಕೆಲಸ ಶುರುವಾಗುತ್ತದೆ. ಆ ಹೊತ್ತಿನಲ್ಲಿ ಆ ಮನುಷ್ಯನಿಗೆ ಅದು ಸರಿ ಅಂತ ಕಂಡಿದ್ದು ಯಾಕೆ? ಅವನ ಕಣ್ಣಿಗೆ ಏನು ಕಾಣುತ್ತಿತ್ತು, ಏನು ಕಾಣುತ್ತಿರಲಿಲ್ಲ? ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮೂರಿನದೇ ಒಂದು ಘಟನೆಯಿಂದ ಹೊರಡೋಣ.

ಮಂಗಳೂರು, 22 ಮೇ 2010, ಬೆಳಿಗ್ಗೆ 6 ಗಂಟೆ 5 ನಿಮಿಷ

ದುಬೈನಿಂದ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯಲ್ಲಿ ಇಳಿಯುತ್ತಿತ್ತು. ಗುಡ್ಡದ ತಲೆ ಕಡಿದು ಮಾಡಿದ ರನ್‌ವೇ ಅದು, ಉದ್ದ 8,033 ಅಡಿ. ವಿಮಾನ ಇರಬೇಕಾದ್ದಕ್ಕಿಂತ ತುಂಬಾ ಎತ್ತರದಲ್ಲಿ ಬಂತು. ಚಕ್ರ ನೆಲ ಮುಟ್ಟುವ ಹೊತ್ತಿಗೆ ರನ್‌ವೇಯ ಸುಮಾರು 5,200 ಅಡಿ ಕಳೆದುಹೋಗಿತ್ತು. ಉಳಿದ ಜಾಗ ಸಾಲಲಿಲ್ಲ. ಬೇಲಿ ದಾಟಿ ಕಣಿವೆಗೆ ಬಿದ್ದು ಬೆಂಕಿ ಹೊತ್ತಿಕೊಂಡಿತು. 166 ಜನರಲ್ಲಿ 158 ಮಂದಿ ತೀರಿಕೊಂಡರು. ಬದುಕಿ ಬಂದವರು 8 ಜನ.

ತನಿಖೆ ಹೇಳಿದ ನೇರ ಕಾರಣ ಇದು: ವಿಮಾನ ಸರಿಯಾದ ಎತ್ತರ, ವೇಗಕ್ಕೆ ಬಂದಿರಲಿಲ್ಲ. ಆದರೂ ಕ್ಯಾಪ್ಟನ್ ಇಳಿಸುವುದನ್ನು ಕೈಬಿಡಲಿಲ್ಲ. ‘ಗೋ ಅರೌಂಡ್’, ಅಂದರೆ ಇಳಿಯೋದು ಬಿಟ್ಟು ಮತ್ತೆ ಮೇಲೇರಿ ಸುತ್ತಿ ಬನ್ನಿ ಅಂತ ಸಹ ಪೈಲಟ್ ಮೂರು ಸಲ ಹೇಳಿದ್ದರು. ವಿಮಾನದ ಯಂತ್ರವೂ ಎಚ್ಚರಿಕೆ ಕೂಗುತ್ತಿತ್ತು. ಕ್ಯಾಪ್ಟನ್ ಹೊಸಬರೇನಲ್ಲ, 10,000 ಗಂಟೆಗೂ ಜಾಸ್ತಿ ಹಾರಿಸಿದ ಅನುಭವಿ.

ಇಷ್ಟು ಓದಿದರೆ ‘ಮಾನವ ಲೋಪ’ ಅಂತ ಬರೆದು ಫೈಲ್ ಮುಚ್ಚಬಹುದು. ಆ ವರದಿ ಮಾತ್ರ ಅಲ್ಲಿಗೆ ಮುಗಿಯುವುದಿಲ್ಲ. ಅದರಲ್ಲಿ ಇನ್ನೂ ಮೂರು ವಿಷಯಗಳಿವೆ. ಅವಕ್ಕೆ ಬರುವ ಮೊದಲು ಒಂದು ಸಣ್ಣ ಪಾಠ, ಅಡುಗೆಮನೆಯಿಂದ.

ಉಪ್ಪಿನ ಕಾಫಿ, ಉಕ್ಕಿದ ಹಾಲು

ಎಲ್ಲ ತಪ್ಪುಗಳೂ ಒಂದೇ ಜಾತಿಯವಲ್ಲ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ ಇವುಗಳನ್ನು ವಿಂಗಡಿಸಿ ತೋರಿಸಿದರು. ಅವರ ವಿಂಗಡಣೆಯನ್ನು ಇವತ್ತಿಗೂ ಬಹಳ ಕಡೆ ಬಳಸುತ್ತಾರೆ.

ಬೆಳಿಗ್ಗೆ ಕಾಫಿಗೆ ಸಕ್ಕರೆ ಬದಲು ಉಪ್ಪು ಹಾಕಿದಿರಿ ಅಂದುಕೊಳ್ಳಿ. ನಿಮಗೆ ಕಾಫಿ ಮಾಡೋದು ಗೊತ್ತಿಲ್ಲ ಅಂತಲ್ಲ. ಮನಸ್ಸಿನಲ್ಲಿ ಇದ್ದದ್ದು ಸಕ್ಕರೆಯೇ, ಕೈ ಹೋಗಿದ್ದು ಪಕ್ಕದ ಡಬ್ಬಿಗೆ. ಇದು ಕೈತಪ್ಪು. ಒಲೆ ಮೇಲೆ ಹಾಲಿಟ್ಟು ಫೋನ್ ಬಂತು ಅಂತ ಹೋದಿರಿ, ಹಾಲು ಉಕ್ಕಿತು. ಇದು ಮರೆವು. ಈ ಎರಡೂ ಹೊಸಬರಿಗಿಂತ ಕೆಲಸ ಪಳಗಿದವರಿಗೇ ಹೆಚ್ಚು ಕಾಡುತ್ತವೆ. ಕೈ ತಾನಾಗೇ ಕೆಲಸ ಮಾಡುತ್ತಿರುತ್ತದೆ, ತಲೆ ಬೇರೆಲ್ಲೋ ಇರುತ್ತದೆ. ಹೊಸದಾಗಿ ಕಾಫಿ ಕಲಿಯುವವರು ಡಬ್ಬಿ ತೆರೆದು ಮೂಸಿ ನೋಡಿ ಹಾಕುತ್ತಾರೆ.

ಮೂರನೆಯದು ತಪ್ಪು ತಿಳುವಳಿಕೆ. ಅಂದುಕೊಂಡಿದ್ದನ್ನೇ ಸರಿಯಾಗಿ ಮಾಡುತ್ತಾರೆ, ಅಂದುಕೊಂಡಿದ್ದೇ ತಪ್ಪು. 1979ರಲ್ಲಿ ಅಮೆರಿಕದ ಥ್ರೀ ಮೈಲ್ ಐಲೆಂಡ್ ಅಣು ಸ್ಥಾವರದಲ್ಲಿ ಒಂದು ವಾಲ್ವ್ ಮುಚ್ಚದೆ ಸಿಕ್ಕಿಹಾಕಿಕೊಂಡಿತ್ತು. ಕಂಟ್ರೋಲ್ ರೂಮಿನ ಫಲಕದಲ್ಲಿ ಅದರ ದೀಪ ಆರಿತ್ತು. ದೀಪ ಆರಿದರೆ ವಾಲ್ವ್ ಮುಚ್ಚಿದೆ ಅಂತ ಕೆಲಸಗಾರರು ನಂಬಿದರು. ಆ ದೀಪ ತೋರಿಸುತ್ತಿದ್ದುದು ಮಾತ್ರ ‘ಮುಚ್ಚು’ ಅನ್ನುವ ಆಜ್ಞೆ ಹೋಗಿದೆ ಅನ್ನೋದನ್ನು. ವಾಲ್ವ್ ನಿಜವಾಗಿ ಮುಚ್ಚಿತಾ ಅಂತ ಹೇಳುವ ದೀಪವೇ ಇರಲಿಲ್ಲ. ಎರಡು ಗಂಟೆಗೂ ಹೆಚ್ಚು ಹೊತ್ತು ಅದು ತೆರೆದೇ ಇತ್ತು.

ನಾಲ್ಕನೆಯದು ಗೊತ್ತಿದ್ದೂ ನಿಯಮ ಮುರಿಯುವುದು. ಹೆಲ್ಮೆಟ್ ಕೈಗೆ ನೇತುಹಾಕಿಕೊಂಡು ಬೈಕ್ ಓಡಿಸಿದ ಹಾಗೆ.

ಈ ವಿಂಗಡಣೆ ಸುಮ್ನೆ ಹೆಸರಿಡುವುದಕ್ಕಲ್ಲ. ಒಂದೊಂದಕ್ಕೂ ಮದ್ದು ಬೇರೆ. ಉಪ್ಪು ಹಾಕಿದವರಿಗೆ ಕಾಫಿ ಮಾಡುವ ತರಬೇತಿ ಕೊಟ್ಟರೆ ಏನು ಉಪಯೋಗ? ಎರಡೂ ಒಂದೇ ಥರದ ಸ್ಟೀಲ್ ಡಬ್ಬಿ ಅನ್ನೋದು ಅಲ್ಲಿನ ಸಮಸ್ಯೆ. ಒಂದನ್ನು ಗಾಜಿನ ಬಾಟಲಿ ಮಾಡಿದರೆ ಮುಗೀತು.

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಾಂಬರ್ ವಿಮಾನಗಳಲ್ಲಿ ಇದೇ ಆಗಿತ್ತು. ನೆಲದ ಮೇಲೆ ಇಳಿದಾದ ಮೇಲೆ ಪೈಲಟ್‌ಗಳು ರೆಕ್ಕೆಯ ಫ್ಲ್ಯಾಪ್ ಮಡಚಲು ಹೋಗಿ ಚಕ್ರಗಳನ್ನೇ ಮಡಚಿಬಿಡುತ್ತಿದ್ದರು. ವಿಮಾನ ಹೊಟ್ಟೆ ಮೇಲೆ ಕೂರುತ್ತಿತ್ತು. ‘ಪೈಲಟ್ ಲೋಪ’ ಅಂತ ದಾಖಲೆ ಆಗುತ್ತಿತ್ತು. ಆಲ್ಫಾನ್ಸ್ ಚಪಾನಿಸ್ ಅನ್ನುವ ಮನಶ್ಶಾಸ್ತ್ರಜ್ಞ ಹೋಗಿ ನೋಡಿದರೆ ಎರಡೂ ಸ್ವಿಚ್ಚು ಒಂದೇ ಥರ, ಅಕ್ಕಪಕ್ಕ. ಚಕ್ರದ ಹಿಡಿಕೆಗೆ ಚಿಕ್ಕ ಚಕ್ರದ ಆಕಾರ, ಫ್ಲ್ಯಾಪ್ ಹಿಡಿಕೆಗೆ ಬೆಣೆಯ ಆಕಾರ ಕೊಡಿ ಅಂದರು. ಕಣ್ಣು ಮುಚ್ಚಿ ಮುಟ್ಟಿದರೂ ಯಾವುದು ಯಾವುದು ಅಂತ ತಿಳಿಯಬೇಕು. ಇವತ್ತಿನ ಪ್ರಯಾಣಿಕ ವಿಮಾನಗಳಲ್ಲೂ ಚಕ್ರದ ಹಿಡಿಕೆಯ ತುದಿ ಚಕ್ರದ ಹಾಗೇ ಇರುತ್ತದೆ.

100ಕ್ಕೆ 88 ಅನ್ನುವ ಲೆಕ್ಕ

ಅಪಘಾತಗಳಲ್ಲಿ ಬಹುಪಾಲು ಕೆಲಸಗಾರರ ತಪ್ಪಿನಿಂದಲೇ ಆಗುತ್ತವೆ ಅನ್ನುವ ಮಾತು ಎಲ್ಲಿಂದ ಬಂತು? ಇದರ ಒಂದು ದೊಡ್ಡ ಬೇರು 1931ರಲ್ಲಿದೆ. ಅಮೆರಿಕದ ವಿಮಾ ಕಂಪನಿಯೊಂದರಲ್ಲಿದ್ದ ಹರ್ಬರ್ಟ್ ಹೈನ್ರಿಚ್ 75,000 ಅಪಘಾತಗಳ ದಾಖಲೆ ನೋಡಿ ಒಂದು ಲೆಕ್ಕ ಕೊಟ್ಟರು. 100ರಲ್ಲಿ 88 ಅಪಘಾತಕ್ಕೆ ಕೆಲಸಗಾರರ ಅಸುರಕ್ಷಿತ ನಡೆ ಕಾರಣ, 10ಕ್ಕೆ ಯಂತ್ರ ಮತ್ತು ಜಾಗದ ದೋಷ, 2 ಮಾತ್ರ ತಪ್ಪಿಸಲಾಗದ್ದು.

ಈ ಲೆಕ್ಕಕ್ಕೆ ಆಮೇಲೆ ಬಂದ ತಕರಾರು ಸರಳವಾದದ್ದು. ಆ ದಾಖಲೆಗಳನ್ನು ಬರೆಯುತ್ತಿದ್ದವರು ಹೆಚ್ಚಾಗಿ ಸೂಪರ್‌ವೈಸರ್‌ಗಳು, ಮಾಲೀಕರ ಕಡೆಯವರು. ಅದೂ ಅಲ್ಲದೆ ಒಂದು ಅಪಘಾತಕ್ಕೆ ಒಂದೇ ಕಾರಣ ಅಂತ ಗೆರೆ ಎಳೆದದ್ದು. ಜಾರುವ ನೆಲದ ಮೇಲೆ ಅವಸರದಲ್ಲಿ ನಡೆದು ಬಿದ್ದರೆ ಅದು ನೆಲದ ದೋಷವೋ, ಅವಸರದ ದೋಷವೋ? ಎರಡರಲ್ಲಿ ಒಂದನ್ನೇ ಬರೆಯಿರಿ ಅಂದರೆ ಬರೆಯುವವರು ಯಾವುದನ್ನು ಬರೆದಾರು, ನೀವೇ ಯೋಚಿಸಿ.

ನೀರ್ ದೋಸೆಯ ಲೆಕ್ಕಾಚಾರ

ಅಪಘಾತಕ್ಕೆ ಒಂದೇ ಕಾರಣ ಇರುವುದಿಲ್ಲ ಅನ್ನುವುದನ್ನು ವಿವರಿಸಲು ರೀಸನ್ ತೂತು ತೂತಾದ ಸ್ವಿಸ್ ಚೀಸ್‌ನ ಹೋಲಿಕೆ ಕೊಟ್ಟರು. ನಮಗೆ ನೀರ್ ದೋಸೆಯೇ ಸಾಕು. ನಾಲ್ಕೈದು ನೀರ್ ದೋಸೆ ಒಂದರ ಮೇಲೊಂದು ಇಡಿ. ಪ್ರತಿ ದೋಸೆಯಲ್ಲೂ ತೂತುಗಳಿವೆ. ಆದರೂ ಮೇಲಿಂದ ನೋಡಿದರೆ ತಟ್ಟೆ ಕಾಣುವುದಿಲ್ಲ. ಒಂದರ ತೂತನ್ನು ಇನ್ನೊಂದು ಮುಚ್ಚಿರುತ್ತದೆ. ಅಪರೂಪಕ್ಕೆ ಎಲ್ಲ ದೋಸೆಗಳ ತೂತೂ ಒಂದೇ ನೇರಕ್ಕೆ ಬಂದರೆ ಮಾತ್ರ ತಟ್ಟೆ ಕಾಣುತ್ತದೆ. ಯಂತ್ರದ ರಚನೆ ಒಂದು ದೋಸೆ, ತರಬೇತಿ ಒಂದು, ನಿಯಮ ಒಂದು, ಮೇಲ್ವಿಚಾರಣೆ ಒಂದು. ಕೆಲಸ ಮಾಡುವ ಮನುಷ್ಯನ ಎಚ್ಚರ ಕೊನೆಯ ದೋಸೆ.

ಈಗ ಮಂಗಳೂರಿಗೆ ಹಿಂತಿರುಗೋಣ. ವರದಿ ಹೇಳಿದ ಆ ಮೂರು ವಿಷಯಗಳಲ್ಲಿ ಮೊದಲನೆಯದು ನಿದ್ದೆ. ಕಾಕ್‌ಪಿಟ್ ಧ್ವನಿಮುದ್ರಣದ ಮೊದಲ 1 ಗಂಟೆ 40 ನಿಮಿಷ ಕ್ಯಾಪ್ಟನ್ ನಿದ್ದೆಯಲ್ಲಿದ್ದರು, ಗೊರಕೆ ಕೇಳಿಸುತ್ತಿತ್ತು. ಎದ್ದ ಮೇಲೂ ಆ ಮಂಪರು ಪೂರ್ತಿ ಬಿಟ್ಟಿರಲಿಕ್ಕಿಲ್ಲ. ಎರಡನೆಯದು ರಾಡಾರ್. ಮಂಗಳೂರಿನ ರಾಡಾರ್ ಆಗ ಕೆಟ್ಟಿತ್ತು. ಹಾಗಾಗಿ ಕೆಳಗಿಳಿಯಲು ಅನುಮತಿ ಸಿಕ್ಕಿದ್ದು ಮಾಮೂಲಿಗಿಂತ ತಡವಾಗಿ, ಊರಿಗೆ ಹತ್ತಿರ ಬಂದಾಗ. ಆ ತಡಕ್ಕೆ ತಕ್ಕ ಹಾಗೆ ಇಳಿಯುವ ಲೆಕ್ಕವನ್ನು ಪೈಲಟ್‌ಗಳು ಸರಿಯಾಗಿ ಹಾಕಿಕೊಳ್ಳಲಿಲ್ಲ. ಮೂರನೆಯದು ಅಧಿಕಾರ. ಕ್ಯಾಪ್ಟನ್ ಕೇಳದಿದ್ದರೆ ಸಹ ಪೈಲಟ್ ತಾವೇ ವಿಮಾನವನ್ನು ಕೈಗೆ ತಗೊಂಡು ಮೇಲೇರಿಸಬಹುದಾ? ಈ ಬಗ್ಗೆ ಇದ್ದ ಸೂಚನೆಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಬಹುಶಃ ಅದಕ್ಕೇ ಅವರು ಮತ್ತೆ ಮತ್ತೆ ಹೇಳಿದರೇ ಹೊರತು ಕೈ ಹಾಕಲಿಲ್ಲ ಅನ್ನುತ್ತದೆ ವರದಿ.

ಇದರಿಂದ ಕ್ಯಾಪ್ಟನ್ ನಿರಪರಾಧಿ ಅಂತ ಆಗುವುದಿಲ್ಲ. ಕೆಟ್ಟ ರಾಡಾರ್, ಗೊಂದಲದ ಸೂಚನೆ ಇವೆರಡೂ ಆ ಬೆಳಿಗ್ಗೆ ವಿಮಾನ ಇಳಿಯುವ ಮೊದಲೇ ಅಲ್ಲಿದ್ದವು ಅನ್ನೋದಷ್ಟೇ ಇಲ್ಲಿನ ವಿಷಯ. ಇಂಥವನ್ನು ‘ಅಡಗಿ ಕೂತ ದೋಷ’ ಅನ್ನಬಹುದು. ದಿನಾ ಇರುತ್ತವೆ, ದಿನಾ ಏನೂ ಆಗುವುದಿಲ್ಲ.

ನಿದ್ದೆಗೆಟ್ಟ ತಲೆ

ದಣಿವಿನ ಬಗ್ಗೆ ಒಂದು ಹೋಲಿಕೆ ಬಹಳ ಜನಕ್ಕೆ ಗೊತ್ತಿಲ್ಲ. ಆಸ್ಟ್ರೇಲಿಯಾದ ಸಂಶೋಧಕರು 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸತತ 17 ಗಂಟೆ ಎಚ್ಚರ ಇದ್ದವರ ಕೈ-ಕಣ್ಣಿನ ಹೊಂದಾಣಿಕೆ 100 ಮಿಲಿ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯ ಇದ್ದವರಷ್ಟೇ ಕುಸಿದಿತ್ತು. ನಮ್ಮಲ್ಲಿ ಕುಡಿದು ಗಾಡಿ ಓಡಿಸಿದ ಕೇಸ್ ಹಾಕಲು 30 ಮಿಲಿಗ್ರಾಂ ದಾಟಿದರೆ ಸಾಕು. ಬೆಳಿಗ್ಗೆ 5ಕ್ಕೆ ಎದ್ದು, ಬಸ್ ಹಿಡಿದು, ಶಿಫ್ಟ್ ಮುಗಿಸಿ, ಓಟಿ ಮಾಡಿ ರಾತ್ರಿ 10ಕ್ಕೆ ಮೆಷಿನ್ ಮುಂದೆ ನಿಂತವರು ಈ ಲೆಕ್ಕದಲ್ಲಿ ಎಲ್ಲಿದ್ದಾರೆ ನೋಡಿ. ಅವರ ಬಾಯಿ ವಾಸನೆ ಬರಲ್ಲ, ಅಷ್ಟೇ.

ರಾತ್ರಿ 2ರಿಂದ ಬೆಳಿಗ್ಗೆ 6 ದೇಹದ ಚುರುಕು ತೀರಾ ಕಡಿಮೆ ಇರುವ ಹೊತ್ತು. ರಾತ್ರಿಪಾಳಿ ಎಷ್ಟೇ ಅಭ್ಯಾಸ ಆಗಿದ್ದರೂ ಈ ತಗ್ಗು ಪೂರ್ತಿ ಹೋಗುವುದಿಲ್ಲ. 2023ರಲ್ಲಿ ಕರ್ನಾಟಕ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ದಿನಕ್ಕೆ 12 ಗಂಟೆವರೆಗೆ ಕೆಲಸಕ್ಕೆ ಅವಕಾಶ ಕೊಟ್ಟಿತು, ವಾರಕ್ಕೆ 48 ಗಂಟೆಯ ಮಿತಿ ಇಟ್ಟು. ಆಗ ನಡೆದ ಚರ್ಚೆಯನ್ನು ದಣಿವಿನ ಈ ಲೆಕ್ಕದ ಜೊತೆ ಇಟ್ಟು ನೋಡಬೇಕು. 8ನೇ ಗಂಟೆಯ ಕೈ ಬೇರೆ, 12ನೇ ಗಂಟೆಯ ಕೈ ಬೇರೆ.

ಬಟನ್‌ಗೆ ಟೇಪು ಸುತ್ತುವುದು ಯಾಕೆ?

ಪವರ್ ಪ್ರೆಸ್ ನೋಡಿದ್ದೀರಾ? ತಗಡನ್ನು ಡೈ, ಅಂದರೆ ಅಚ್ಚಿನ ಮೇಲೆ ಇಟ್ಟು ಒತ್ತಿದರೆ ಮೇಲಿನ ಭಾಗ ಧಡ್ ಅಂತ ಇಳಿದು ಆಕಾರ ಕೊಡುತ್ತದೆ. ಬೆರಳು ಒಳಗಿದ್ದರೆ ಬೆರಳಿಗೂ ಅದೇ ಗತಿ. ಅದಕ್ಕೇ ಇದಕ್ಕೆ ಎರಡು ಬಟನ್ ಇಡುತ್ತಾರೆ, ದೂರ ದೂರ. ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಭಾಗ ಇಳಿಯಬೇಕು. ಎರಡೂ ಕೈ ಬಟನ್ ಮೇಲಿದ್ದರೆ ಒಳಗೆ ಹೋಗುವುದಕ್ಕೆ ಕೈಯೇ ಇಲ್ಲ. ಅಚ್ಚುಕಟ್ಟಾದ ಉಪಾಯ.

ಆದರೆ ಒಂದು ಬಟನ್‌ಗೆ ಟೇಪು ಸುತ್ತಿಯೋ, ಕಡ್ಡಿ ಸಿಕ್ಕಿಸಿಯೋ ಒಂದೇ ಕೈಯಲ್ಲಿ ಓಡಿಸುವುದೂ ಇದೆ. ಬಟನ್ ಒತ್ತಲು ಒಂದು ಕೈ, ತಗಡು ಹಾಕಿ ತೆಗೆಯಲು ಇನ್ನೊಂದು ಕೈ. ಒಂದು ಪೀಸ್‌ಗೆ ಒಂದೆರಡು ಸೆಕೆಂಡ್ ಉಳಿಯುತ್ತದೆ. ದಿನಕ್ಕೆ ಸಾವಿರಾರು ಪೀಸ್ ಅಂದರೆ ಟಾರ್ಗೆಟ್ ಮುಟ್ಟೋದು, ಇನ್ಸೆಂಟಿವ್ ಬರೋದು ಆ ಒಂದೆರಡು ಸೆಕೆಂಡಿನ ಮೇಲೆ ನಿಂತಿದೆ. ಮೊದಲ ದಿನ ಭಯ ಇರುತ್ತದೆ. ಹತ್ತನೇ ದಿನ ಇರಲ್ಲ. ಸೂಪರ್‌ವೈಸರ್ ನೋಡಿಯೂ ಸುಮ್ಮನಾದರೆ ಅದೇ ಪದ್ಧತಿ ಆಗುತ್ತದೆ. ಆಮೇಲೆ ಸೇರಿದ ಹುಡುಗನಿಗೆ ಕೆಲಸ ಕಲಿಸುವಾಗ ಟೇಪು ಸುತ್ತುವುದನ್ನೂ ಕಲಿಸುತ್ತಾರೆ. ಕೊನೆಗೆ ಬೆರಳು ಹೋದ ದಿನ ವರದಿಯಲ್ಲಿ ಬರುವುದು ‘ಸುರಕ್ಷತಾ ನಿಯಮ ಉಲ್ಲಂಘನೆ’. ಟೇಪು ಎಷ್ಟು ತಿಂಗಳಿಂದ ಅಲ್ಲಿತ್ತು ಅಂತ ಬರೆಯುವ ಜಾಗ ಆ ಫಾರಂನಲ್ಲಿ ಇರುವುದಿಲ್ಲ.

ಇದು ಸಣ್ಣ ಶೆಡ್ಡುಗಳ ಕಥೆ ಮಾತ್ರ ಅಂದುಕೊಳ್ಳಬೇಡಿ. 1999ರಲ್ಲಿ ಜಪಾನಿನ ತೊಕೈಮುರಾದ ಅಣು ಇಂಧನ ಘಟಕದಲ್ಲಿ ಕೆಲಸಗಾರರು ಯುರೇನಿಯಂ ದ್ರಾವಣವನ್ನು ಸ್ಟೀಲ್ ಬಕೆಟ್‌ನಲ್ಲಿ ತಂದು ಟ್ಯಾಂಕಿಗೆ ಸುರಿದರು. ಮಿತಿ ಮೀರಿ ಸುರಿದದ್ದರಿಂದ ಅಣು ಸರಣಿ ಕ್ರಿಯೆ ಶುರುವಾಗಿ ಇಬ್ಬರು ಸತ್ತರು. ಬಕೆಟ್ ಬಳಸುವುದು ಕೆಲಸಗಾರರ ಕಳ್ಳದಾರಿಯಾಗಿರಲಿಲ್ಲ. ಸರ್ಕಾರದ ಅನುಮತಿ ಇಲ್ಲದೆ ಕಂಪನಿಯೇ ಬರೆದುಕೊಂಡಿದ್ದ ಕೈಪಿಡಿಯಲ್ಲಿ ಅದು ಸೇರಿತ್ತು.

ಬದಲಾಗದ ಒಂದು ಲೇಬಲ್

2 ಜೂನ್ 2023ರ ಸಂಜೆ ಒಡಿಶಾದ ಬಹನಗಾ ಬಜಾರ್ ನಿಲ್ದಾಣದಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್‌ಗೆ ಹಸಿರು ಸಿಗ್ನಲ್ ಇತ್ತು. ನೇರ ಹೋಗಬೇಕಿದ್ದ ರೈಲು ಪಕ್ಕದ ಲೂಪ್ ಲೈನಿಗೆ ತಿರುಗಿ, ಅಲ್ಲಿ ನಿಂತಿದ್ದ ಗೂಡ್ಸ್ ರೈಲಿಗೆ ಗುದ್ದಿತು. ಹಳಿ ತಪ್ಪಿದ ಬೋಗಿಗಳಿಗೆ ಬೆಂಗಳೂರಿನಿಂದ ಹೌರಾಕ್ಕೆ ಹೋಗುತ್ತಿದ್ದ ರೈಲೂ ಡಿಕ್ಕಿ ಹೊಡೆಯಿತು. 290ಕ್ಕೂ ಹೆಚ್ಚು ಜನ ಸತ್ತರು. ಚಾಲಕ ಸಿಗ್ನಲ್ ನೋಡಿಯೇ ಹೋಗಿದ್ದ.

ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಹೋಗಿ ನಿಂತಿದ್ದು ಲೆವೆಲ್ ಕ್ರಾಸಿಂಗ್ ಗೇಟಿನ ಹತ್ತಿರದ ಸಿಗ್ನಲ್ ವೈರ್‌ಗಳ ಮುಂದೆ. 2018ರಲ್ಲಿ ಅಲ್ಲಿನ ವೈರಿಂಗ್ ಬದಲಾಯಿಸಿದ್ದರು. ಯಾವ ವೈರ್ ಯಾವುದು ಅಂತ ಹೇಳುವ ಬರಹ ಬದಲಾಯಿಸಿರಲಿಲ್ಲ. ಐದು ವರ್ಷದ ನಂತರ ಗೇಟಿನ ಕೆಲಸಕ್ಕೆ ಬಂದವರ ಎದುರು ಇದ್ದದ್ದು ಆ ಹಳೆಯ ಬರಹ. ವೈರ್ ತಪ್ಪು ಜಾಗಕ್ಕೆ ಸೇರಿತು. ಕೆಲಸ ಮುಗಿದ ಮೇಲೆ ಪೂರ್ತಿ ಪರೀಕ್ಷೆ ಮಾಡಿದ್ದರೆ ಅದು ಅಲ್ಲೇ ಸಿಗುತ್ತಿತ್ತು.

ನನಗೆ ಈ ವರದಿಯಲ್ಲಿ ಹೆಚ್ಚು ಕಾಡಿದ್ದು ಇನ್ನೊಂದು ಸಾಲು. ಒಂದು ವರ್ಷ ಮೊದಲು, 16 ಮೇ 2022ರಂದು, ಅದೇ ಖರಗ್‌ಪುರ ವಿಭಾಗದ ಇನ್ನೊಂದು ನಿಲ್ದಾಣದಲ್ಲೂ ತಪ್ಪು ವೈರಿಂಗ್‌ನಿಂದ ಇಂಥದ್ದೇ ಎಡವಟ್ಟು ಆಗಿತ್ತು. ಆಗಲೇ ಸರಿಪಡಿಸುವ ಕ್ರಮ ತಗೊಂಡಿದ್ದರೆ ಈ ಅಪಘಾತ ಆಗುತ್ತಿರಲಿಲ್ಲ ಅಂತ ವರದಿ ಹೇಳಿತು.

‘ಸ್ವಲ್ಪದರಲ್ಲಿ ತಪ್ಪಿತು’ ಅಂತ ಹೇಳುವವರು ಯಾರು?

ಇಂಥ ‘ಸ್ವಲ್ಪದರಲ್ಲಿ ತಪ್ಪಿದ’ ಘಟನೆಗಳು ಪುಕ್ಕಟೆ ಎಚ್ಚರಿಕೆ. ಆದರೆ ಹೇಳಿದವರಿಗೇ ಮೆಮೊ ಸಿಕ್ಕರೆ ಎರಡನೇ ಸಲ ಯಾರೂ ಹೇಳುವುದಿಲ್ಲ. ಅಮೆರಿಕದಲ್ಲಿ 1976ರಿಂದ ಪೈಲಟ್‌ಗಳು, ವಿಮಾನ ನಿಯಂತ್ರಕರು ತಮ್ಮ ತಪ್ಪುಗಳನ್ನು ಗುಟ್ಟಾಗಿ ಬರೆದು ಕಳಿಸುವ ವ್ಯವಸ್ಥೆ ಇದೆ. ಅದನ್ನು ನಡೆಸುವುದು ನಾಸಾ. ಶಿಕ್ಷೆ ಕೊಡುವ ಇಲಾಖೆಯ ಕೈಗೆ ಹೆಸರು ಹೋಗಬಾರದು ಅಂತಲೇ ಹಾಗೆ ಮಾಡಿದ್ದು.

ಕೈತಪ್ಪಿಗೆ ಇನ್ನೂ ಸುಲಭದ ಮದ್ದುಗಳಿವೆ. ಜಪಾನಿನ ರೈಲು ಸಿಬ್ಬಂದಿ ಸಿಗ್ನಲ್‌ಗೆ ಬೆರಳು ತೋರಿಸಿ, ಏನು ಕಾಣುತ್ತಿದೆ ಅಂತ ಬಾಯಿಬಿಟ್ಟು ಹೇಳುತ್ತಾರೆ. ನೋಡಲು ತಮಾಷೆ ಅನಿಸುತ್ತದೆ. 1994ರಲ್ಲಿ ಅಲ್ಲಿನ ರೈಲ್ವೆ ಸಂಶೋಧನಾ ಸಂಸ್ಥೆ ಪರೀಕ್ಷೆ ಮಾಡಿದಾಗ ಸುಮ್ಮನೆ ಮಾಡಿದ 100 ಕೆಲಸಕ್ಕೆ 2.38 ತಪ್ಪು, ಹೀಗೆ ತೋರಿಸಿ ಹೇಳಿ ಮಾಡಿದ 100 ಕೆಲಸಕ್ಕೆ 0.38 ತಪ್ಪು ಸಿಕ್ಕಿತು. ನಮ್ಮ ರೈಲು ಚಾಲಕರೂ ಸಹಾಯಕರೂ ಸಿಗ್ನಲ್ ಬಣ್ಣವನ್ನು ಒಬ್ಬರಿಗೊಬ್ಬರು ಗಟ್ಟಿಯಾಗಿ ಹೇಳಿಕೊಳ್ಳುವುದು ಇದೇ ಕಾರಣಕ್ಕೆ. ಕಣ್ಣು ಮೋಸ ಹೋದರೂ ಬಾಯಿಗೆ ಬರುವಾಗ ತಲೆ ಒಂದು ಸಲ ಎಚ್ಚರಗೊಳ್ಳುತ್ತದೆ.

ಹಾಗಾದರೆ ಶಿಕ್ಷೆ ಯಾರಿಗೂ ಬೇಡವಾ?

ಹಾಗಲ್ಲ. ತನಿಖೆ ಮಾಡುವವರು ಒಂದು ಪ್ರಶ್ನೆ ಕೇಳಿಕೊಳ್ಳುತ್ತಾರೆ. ಅಷ್ಟೇ ಅನುಭವ ಇರುವ ಇನ್ನೊಬ್ಬರನ್ನು ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ, ಅದೇ ಒತ್ತಡದಲ್ಲಿ ನಿಲ್ಲಿಸಿದ್ದರೆ ಅವರೂ ಹಾಗೇ ಮಾಡುತ್ತಿದ್ದರಾ? ಹೌದು ಅಂದರೆ ಆ ಮನುಷ್ಯನನ್ನು ಕೆಲಸದಿಂದ ತೆಗೆದರೂ ಅಪಘಾತ ಅಲ್ಲೇ ಕಾಯುತ್ತಿರುತ್ತದೆ. ಇಲ್ಲ ಅಂದರೆ, ಕುಡಿದು ಬಂದಿದ್ದರೆ, ಬೇಕಂತಲೇ ಬೇರೆಯವರ ಜೀವದ ಜೊತೆ ಆಟ ಆಡಿದ್ದರೆ, ಅದು ಬೇರೆ ವಿಚಾರ.

ಕಂಬ ಹತ್ತುವ ಮೊದಲು

ಕೊನೆಗೆ, ನಮ್ಮೆಲ್ಲರ ಮನೆ ಹತ್ತಿರ ನಡೆಯುವ ಒಂದು ಕೆಲಸ. ಮಳೆಗೆ ಮರ ಬಿದ್ದು 11 ಕೆವಿ ಲೈನ್ ಕಟ್ ಆಗಿದೆ. ಊರಲ್ಲಿ ಕತ್ತಲೆ. ಲೈನ್‌ಮ್ಯಾನ್ ಜೇಬಿನಲ್ಲಿ ಫೋನ್ ಬಡಿದುಕೊಳ್ಳುತ್ತಲೇ ಇದೆ, ‘ಕರೆಂಟ್ ಯಾವಾಗ ಬರುತ್ತೆ ಸಾರ್?’ ಅಂತ. ಆ ಒತ್ತಡ ಕೊಡುವವರು ನಾವೇ ಅಲ್ವಾ?

ಅವರು ಮೊದಲು ಸಬ್‌ಸ್ಟೇಷನ್ನಿನಿಂದ ಲೈನ್ ಕ್ಲಿಯರ್ ತಗೊಳ್ಳಬೇಕು. ‘ಎಲ್‌ಸಿ’ ಅಂತಾರೆ. ಅಂದರೆ ಆ ಲೈನ್ ಆಫ್ ಆಗಿದೆ, ನೀವು ಹೇಳುವವರೆಗೆ ಆನ್ ಮಾಡಲ್ಲ ಅನ್ನುವ ಮಾತು. ತಪ್ಪು ನುಸುಳುವ ದಾರಿಗಳು ಇಲ್ಲೇ ಇವೆ. ಫೀಡರ್, ಅಂದರೆ ಸಬ್‌ಸ್ಟೇಷನ್ನಿನಿಂದ ಹೊರಡುವ ಆ ಲೈನಿನ ಹೆಸರು ಫೋನಿನಲ್ಲಿ ತಪ್ಪು ಕೇಳಿಸಬಹುದು. ಒಂದೇ ಕಂಬದ ಮೇಲೆ ಎರಡು ಲೈನ್ ಇದ್ದು ಒಂದಕ್ಕೆ ಮಾತ್ರ ಎಲ್‌ಸಿ ಸಿಕ್ಕಿರಬಹುದು. ಎಲ್ಲ ಸರಿಯಿದ್ದರೂ ಯಾರದೋ ಮನೆಯ ಜನರೇಟರ್ ಇದೆ. ಮನೆಯನ್ನು ಬೀದಿ ಲೈನಿನಿಂದ ಬೇರೆ ಮಾಡುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜೋಡಿಸಿದ್ದರೆ ಅದರ ಕರೆಂಟ್ ಮನೆಯಿಂದ ಬೀದಿಗೆ, ಬೀದಿಯಿಂದ ಟ್ರಾನ್ಸ್‌ಫಾರ್ಮರ್‌ಗೆ ಹೋಗುತ್ತದೆ. ಅಲ್ಲಿ ಟ್ರಾನ್ಸ್‌ಫಾರ್ಮರ್ ತಿರುಗುಮುರುಗಾಗಿ ಕೆಲಸ ಮಾಡಿ ಅದನ್ನು 11,000 ವೋಲ್ಟ್‌ಗೆ ಏರಿಸಿಬಿಡುತ್ತದೆ. ಸಬ್‌ಸ್ಟೇಷನ್ ಆಫ್, ಲೈನ್ ಜೀವಂತ.

ಅದಕ್ಕೇ ಎಲ್‌ಸಿ ಸಿಕ್ಕ ಮೇಲೂ ಲೈನ್‌ಮ್ಯಾನ್ ತಂತಿ ಮುಟ್ಟುವ ಹಾಗಿಲ್ಲ. ಕರೆಂಟ್ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಉದ್ದನೆಯ ಕೋಲಿನ ಡಿಸ್ಚಾರ್ಜ್ ರಾಡ್‌ನಿಂದ ಕೆಲಸದ ಜಾಗದ ಎರಡೂ ಕಡೆ ತಂತಿಯನ್ನು ಭೂಮಿಗೆ ಜೋಡಿಸಬೇಕು. ಯಾರು ಎಲ್ಲಿ ತಪ್ಪು ಮಾಡಿದ್ದರೂ ಕರೆಂಟ್ ಬಂದರೆ ಅದು ಬಹುಪಾಲು ನೆಲಕ್ಕೆ ಹೋಗಲಿ ಅಂತ. ಜೀಪಿನಲ್ಲಿ ಒಂದೇ ರಾಡ್ ಇದ್ದರೆ, ಇದ್ದದ್ದೂ ತುಕ್ಕು ಹಿಡಿದಿದ್ದರೆ, ಈ ದೋಸೆಗೂ ತೂತು ಬಿತ್ತು.

ಎಲ್ಲ ಸರಿಯಾಗಿ ನಡೆದ ರಾತ್ರಿ ಹೀಗಿರುತ್ತದೆ. ತಂತಿ ಕಟ್ಟಿ ಆದ ಮೇಲೆ ಎಲ್ಲರೂ ಕಂಬ ಇಳಿಯುತ್ತಾರೆ. ಹತ್ತಿದವರೆಷ್ಟು, ಇಳಿದವರೆಷ್ಟು ಅಂತ ಒಬ್ಬರು ಎಣಿಸುತ್ತಾರೆ. ರಾಡ್‌ಗಳನ್ನು ಬಿಚ್ಚುತ್ತಾರೆ. ಎಲ್‌ಸಿ ಯಾರ ಹೆಸರಿನಲ್ಲಿ ಇದೆಯೋ ಅವರೇ ಸಬ್‌ಸ್ಟೇಷನ್‌ಗೆ ಫೋನ್ ಮಾಡಿ, ಫೀಡರ್ ಹೆಸರು ಹೇಳಿ, ಆ ಕಡೆಯವರಿಂದ ಇನ್ನೊಮ್ಮೆ ಹೇಳಿಸಿಕೊಂಡು, ಎಲ್‌ಸಿ ವಾಪಸ್ ಕೊಡುತ್ತಾರೆ. ಆಮೇಲೆ ಸಬ್‌ಸ್ಟೇಷನ್ನಿನಲ್ಲಿ ಲೈನ್ ಆನ್ ಮಾಡುವ ಬ್ರೇಕರ್‌ನ ಸದ್ದು. ಬೀದಿ ದೀಪ ಹತ್ತುತ್ತದೆ.